ಹುಡುಗ್ಯಾರಿಗೂ ಐತೇನು?

ಕಳೆದ ಆಯಿತವಾರ ಮೂಡಲಗಿಯಲ್ಲಿ, ನನ್ನ ಅಣ್ಣನ ಮನೆಯ ಕಟ್ಟೆಯ ಮೇಲೆ, ಇಡೀ ದೇಶದ ತರುಣರ ಹಣೆಬರಹ ತೀರ್ಮಾನವಾಯಿತು. ಅದೂ ಹೊತ್ತು ಮುಳುಗುವುದರೊಳಗೆ. ಯಾಕೆಂದರೆ ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ, ದೇಶದ ಕಥೆ ಏನೇ ಆಗಲಿ.

ಆದದ್ದಿಷ್ಟು. ಪೇಪರಿನಲ್ಲಿ ಒಂದು ಸುದ್ದಿ ಬಂದಿತ್ತು (ನೀವೂ ಓದಿರಬೇಕು). ಹದಿನೆಂಟು ತುಂಬಿದ ಪ್ರತಿಯೊಬ್ಬರೂ ಒಂದು ವರ್ಷ ಮನೆ ಬಿಟ್ಟು ಹೋಗಿ ದೇಶದ ಕೆಲಸ ಮಾಡಬೇಕು, ರಸ್ತೆ ಕಟ್ಟಬೇಕು, ಕೆರೆಯ ಹೂಳು ತೆಗೆಯಬೇಕು, ಕವಾಯತು ಕಲಿಯಬೇಕು, ಇದೆಲ್ಲ ಕಡ್ಡಾಯವಾಗಬೇಕು ಅಂತ ಯಾರೋ ದೊಡ್ಡವರು ಭಾಷಣ ಮಾಡಿದ್ದರು. ಬರೀ ಭಾಷಣ. ಕಾಯ್ದೆ ಅಲ್ಲ. ಆದರೆ ಸ್ವರಾಜ್ಯ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ ನೋಡಿ, ಭಾಷಣಕ್ಕೂ ಕಾಯ್ದೆಗೂ ಇರುವ ಅಂತರ ನಮ್ಮ ಜನಕ್ಕೆ ತಿಳಿದಿಲ್ಲ. (ಭಾಷಣ ಮಾಡುವವರಿಗೂ ತಿಳಿದಂತಿಲ್ಲ, ಆ ಮಾತು ಬೇರೆ.)

ಅಣ್ಣ ಪೇಪರು ಮಡಚಿ ತೊಡೆಯ ಕೆಳಗೆ ಒತ್ತಿಟ್ಟುಕೊಂಡು, "ನಮ್ಮ ಹುಡುಗೋರ್ನ ಕರಕೊಂಡ ಹೋಗಾಕ ಇವರ‍್ಯಾರು?" ಎಂದ. ಅಲ್ಲಿಂದ ಸುರುವಾಯಿತು.

ಅಣ್ಣನ ಹೆಸರು ಪಾಯಪ್ಪ. ಹುಕ್ಕೇರಿಯ ನಮ್ಮ ಮನೆ ಬಿಟ್ಟು, ಮಾವನ ಹೊಲ ನೋಡಿಕೊಳ್ಳಲು ಮೂಡಲಗಿಗೆ ಬಂದು ಇಪ್ಪತ್ತು ವರ್ಷವಾಯಿತು. ಒಳ್ಳೆಯ ಮನುಷ್ಯ. ಸಿಟ್ಟು ಮೂಗಿನ ತುದಿಯಲ್ಲಿ, ಅಂತಃಕರಣ ಎಲ್ಲಿಟ್ಟಿದ್ದಾನೋ ಅವನಿಗೇ ಗೊತ್ತಿಲ್ಲ. ಅವನ ಬಾಜೂ ಕೂತವರು ಬಸಪ್ಪ ಕಾಕಾ. ಪಕ್ಕದ ಮನೆಯ ಲಿಂಗಾಯತ ಹಿರಿಯರು, ಎಪ್ಪತ್ತು ದಾಟಿದವರು. ನಡುವೆ ನಾನು. ಗೋಕಾಕದ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುವ ಅಕ್ಕೋರು ಆದದ್ದರಿಂದ ಗಂಡಸರ ಕಟ್ಟೆಯ ಮೇಲೆ ಕೂಡುವ ಸವಲತ್ತು ನನಗುಂಟು.

"ಅಕ್ಕೋರ, ನಮ್ಮ ಸಣ್ಣಂದಿನಾಗ ಇನಾಮದಾರನ ಮಂದಿ ಬಂದು ಎತ್ತು ಬಂಡಿ ಸಮೇತ ಹಿಡಕೊಂಡ ಹೋಗತಿದ್ರು," ಎಂದರು ಬಸಪ್ಪ ಕಾಕಾ. "ಕೂಲಿ ಇಲ್ಲ, ಕೂಳ ಇಲ್ಲ. ಅದಕ್ಕ ನಾವು ಬಿಟ್ಟಿ ಅಂತಿದ್ವಿ. ಈಗ ದೇಶಸೇವಾ ಅಂತಾರೇನ್ರಿ?"

ನಾನು ಬಿಡುತ್ತೇನೆಯೇ? "ಬಿಟ್ಟಿ ಅಲ್ರಿ ಕಾಕಾ, ಮುಯ್ಯಿ ಅನ್ರಿ. ಸುಗ್ಗ್ಯಾಗ ನೀವು ಅಣ್ಣನ ಹೊಲಕ್ಕ ಬರೂದಿಲ್ಲೇನು? ಕೂಲಿ ತಗೋತೀರೇನ್ರಿ?"

"ಮುಯ್ಯಿ ಅಂದ್ರ ಇವತ್ತ ನಾ ಇವನ ಹೊಲಕ್ಕ, ನಾಳೆ ಇವ ನನ್ನ ಹೊಲಕ್ಕ," ಎಂದರು ಕಾಕಾ, ಎಲೆಗೆ ಸುಣ್ಣ ಸವರುತ್ತ. "ಸರಕಾರ ನನ್ನ ಹೊಲಕ್ಕ ಯಾವಾಗ ಬರ್ತೈತಿ, ಅಷ್ಟ ಹೇಳಿಬಿಡ್ರಿ."

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ದಯವಿಟ್ಟು ಬರೆದು ಕಳಿಸಿ, ಕಾಕಾಗೆ ಮುಟ್ಟಿಸುತ್ತೇನೆ.

ಕಾಕಾ ಗೆದ್ದದ್ದು ನೋಡಿ ಅಣ್ಣನಿಗೆ ಹುರುಪು ಬಂತು. "ಅದೆಲ್ಲಾ ಇರಲಿ. ಕ್ಯಾಂಪಿನ್ಯಾಗ ನಮ್ಮ ಹುಡುಗರಿಗೆ ಹೊತ್ತ ಮುಳಗೂದರೊಳಗ ಯಾರು ಉಣ್ಣಾಕ ನೀಡ್ತಾರ? ಉಳ್ಳಾಗಡ್ಡಿ, ಬಟಾಟಿ ಹಾಕಿದ್ದು ತಂದ ಮುಂದ ಇಟ್ರ ಉಪಾಸ ಬೀಳೂದೇನು?"

ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು.

ಹದಿನೇಳನೆಯ ವಯಸ್ಸಿಗೆ ನಾನು ಧಾರವಾಡಕ್ಕೆ ಅಕ್ಕೋರ ಟ್ರೇನಿಂಗಿಗೆ ಹೋದೆ. ಹಾಸ್ಟೆಲಿನಲ್ಲಿ ಊಟದ ಗಂಟೆ ಬಾರಿಸುತ್ತಿದ್ದದ್ದು ದೀಪ ಹಚ್ಚಿದ ಮೇಲೆ. ಯಾರಿಗೆ ಹೇಳುವುದು? ಹೇಗೆ ಹೇಳುವುದು? ಮೊದಲ ಕೆಲವು ದಿವಸ ಮನೆಯಿಂದ ತಂದ ಚುರಮುರಿ ತಿಂದು, ನೀರು ಕುಡಿದು, ಗೋಡೆಗೆ ಮುಖ ಮಾಡಿ ಮಲಗಿದೆ. ನನ್ನ ಖೋಲಿಯಲ್ಲಿ ಇನ್ನೊಬ್ಬ ಹುಡುಗಿ ಇದ್ದಳು, ಲೀಲಾ ಅಂತ, ಕಾರವಾರದ ಕಡೆಯವಳು. ಮೀನು ಉಣ್ಣುವ ಮಂದಿ. ಜೈನರು ಅಂದರೆ ಯಾರು, ಏನು, ಅವಳಿಗೆ ಗಂಧವೂ ಇಲ್ಲ. ನಾನೂ ಹೇಳಿರಲಿಲ್ಲ, ಆದರೆ ದೀಪ ಹಚ್ಚಿದ ಮೇಲೆ ನಾನು ಏನೂ ಬಾಯಿಗೆ ಹಾಕದ್ದನ್ನು ಅವಳು ನೋಡಿದ್ದಳು. ಒಂದು ಸಂಜೆ ತಾನೇ ಅಡಿಗೆಮನೆಗೆ ಹೋಗಿ, ಅಡಿಗೆಯವಳನ್ನು ಕಾಡಿಬೇಡಿ, ಎರಡು ಬಿಸಿ ರೊಟ್ಟಿ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. "ಬೇಗ ಉಣ್ಣೇ ಮಾರಾಯ್ತಿ, ನಿನ್ನ ಸೂರ್ಯ ಓಡ್ತಾ ಇದ್ದಾನೆ," ಎಂದಳು.

ಮುಂದೆ ನಾನು ಅಲ್ಲಿದ್ದಷ್ಟು ದಿನವೂ ತಂದಳು. ಟ್ರೇನಿಂಗ್ ಮುಗಿದು ಅವಳು ಅವಳ ಊರಿಗೆ ಹೋದಳು, ನಾನು ನನ್ನ ಊರಿಗೆ ಬಂದೆ. ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಸಂಜೆ ಸಾಲಿ ಬಿಟ್ಟು, ಹುಡುಗಿಯರೆಲ್ಲ ಹೋಗಿ, ಒಬ್ಬಳೇ ಕೂತಾಗ ಇವತ್ತಿಗೂ ಒಮ್ಮೊಮ್ಮೆ ಬಾಗಿಲ ಕಡೆ ಕಣ್ಣು ಹೋಗುತ್ತದೆ. ಧಾರವಾಡದ ಆ ದಿನಗಳನ್ನು ಯಾರಾದರೂ ತಿರುಗಿ ಕೊಡುತ್ತೇನೆಂದರೆ ಉಳಿದ ಆಯುಷ್ಯದಲ್ಲಿ ಅರ್ಧ ಬಿಟ್ಟುಕೊಡಲು ನಾನು ತಯಾರು. ಕೊಡುವವರು ಇಲ್ಲ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಕಡ್ಡಾಯ ಸೇವೆಯಿಂದ ದೇಶಕ್ಕೆ ಏನು ಲಾಭ ಅಂತ ಕೇಳುತ್ತೀರಿ. ರಸ್ತೆ ಎಷ್ಟು ಆದೀತೋ ನನಗೆ ತಿಳಿಯದು. ಕಾಲೇಜು ಹುಡುಗರು ಹಾಕಿದ ರಸ್ತೆಯ ಮೇಲೆ ಬಂಡಿ ಹೊಡೆಯಲು ನಾನಂತೂ ಯಾರಿಗೂ ಹೇಳಲಾರೆ. ಆದರೆ ತನ್ನ ಜಾತಿಯಲ್ಲದ, ತನ್ನ ಊರಲ್ಲದ ಇನ್ನೊಬ್ಬರ ಹಸಿವು ಯಾವ ಹೊತ್ತಿಗೆ ಏಳುತ್ತದೆ ಅಂತ ಹದಿನೆಂಟರ ವಯಸ್ಸಿಗೇ ತಿಳಿದರೆ ಅದು ಸಣ್ಣ ಲಾಭವೇ? ಮನೆಯಲ್ಲಿ ಕೂತರೆ ಅದು ತಿಳಿಯುವುದಿಲ್ಲ.

"ನೀಡೂವರು ಸಿಗತಾರ ಅಣ್ಣಾ," ಎಂದೆ. "ಮನಿ ಬಿಟ್ಟ ಹೋದವರಿಗೆ ಸಿಗತಾರ."

"ನಿನ್ನ ಮಾತ ಬ್ಯಾರೆ ತಂಗೀ," ಎಂದ ಅಣ್ಣ. "ನಿನ್ನ ಸಾಲಿಗೆ ಹಾಕಿದ್ದು ಸರಕಾರದ ಹುಕುಂ ಇತ್ತಂತ. ಇಲ್ಲಾಂದ್ರ ಅಪ್ಪ ಕಳಿಸ್ತಿದ್ದನೇನು?"

ನಾನು ಬಾಯಿ ಮುಚ್ಚಿಕೊಂಡೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಷ್ಟರಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗಿಂದ ಊಟಕ್ಕೆ ಕರೆದಳು. ಕಾಕಾ ಕೋಲು ಊರಿಕೊಂಡು ತಮ್ಮ ಮನೆಗೆ ಹೋದರು. ನೀಡಲು ಬಂದವಳು ಅಣ್ಣನ ಮಗಳು, ಕುಸುಮಾ. ಹದಿನೆಂಟು ವರ್ಷ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮೂರು ವರ್ಷದಿಂದ ಮನೆಯಲ್ಲಿದ್ದಾಳೆ. ಟ್ರೇನಿಂಗಿಗೆ ಕಳಿಸೋಣ ಅಂತ ಆಗಲೇ ನಾನು ಹೇಳಿದ್ದೆ. "ನಾಲ್ಕ ಮಂದಿ ಏನಂತಾರ?" ಎಂದಿದ್ದ ಅಣ್ಣ. (ಆ ನಾಲ್ಕು ಮಂದಿ ಯಾರು ಅಂತ ನಾನು ಜೀವಮಾನವಿಡೀ ಹುಡುಕುತ್ತಿದ್ದೇನೆ. ಸಿಕ್ಕರೆ ಕೇಳುವುದು ಬಹಳ ಇದೆ.) ಈಗ ಕೊಣ್ಣೂರಿನಿಂದ ಗಂಡಿನ ಕಡೆಯವರು ನೋಡಲು ಬರುವವರಿದ್ದಾರೆ. ಜೋಳದ ರಾಶಿ ಆದ ಮೇಲೆ ಬರುತ್ತೇವೆ ಅಂದಿದ್ದಾರೆ. ರಾಶಿ ಇನ್ನೇನು ಮುಗಿಯುವುದರಲ್ಲಿದೆ.

ಕುಸುಮಾ ನನ್ನ ತಾಟಿಗೆ ಜುಣಕ ನೀಡುತ್ತ ನಿಂತಳು. ಕೈ ಮುಂದೆ ಹೋಗಲಿಲ್ಲ.

"ಅತ್ತೀ, ಅದು ಹುಡುಗ್ಯಾರಿಗೂ ಐತೇನು?"

"ಯಾವದು?"

"ಅದ, ಅಪ್ಪಾ ಓದಿದ್ನಲ್ಲ. ಒಂದ ವರ್ಷ ಹೋಗೂದು."

ಅಣ್ಣ ನಕ್ಕ. ವೈನಿಯೂ ನಕ್ಕಳು. "ನೀ ಹೋಗಿ ಏನ ಮಾಡ್ತಿ? ಮಿಲ್ಟ್ರಿಯವರಿಗೆ ರೊಟ್ಟಿ ಬಡೀತಿಯೇನು?" ಎಂದ ಅಣ್ಣ. ನಾನೂ ನಕ್ಕೆ, ಖರೆ ಹೇಳಬೇಕೆಂದರೆ. ಕುಸುಮಾ ನಗಲಿಲ್ಲ.

ಊಟ ಆದ ಮೇಲೆ ಇನ್ನೂ ಬೆಳಕಿತ್ತು. ಹಿತ್ತಲಲ್ಲಿ ಅವಳು ಬೂದಿ ಹಚ್ಚಿ ತಾಟು ತಿಕ್ಕುತ್ತಿದ್ದಳು. ನಾನು ನೀರು ಹಾಕುತ್ತಿದ್ದೆ. ತಲೆ ಎತ್ತದೆ ಮತ್ತೆ ಸುರು ಮಾಡಿದಳು.

"ಅತ್ತೀ, ಕಡ್ಡಾಯ ಅಂದ್ರ ಯಾರೂ ಬ್ಯಾಡ ಅನ್ನಾಕ ಬರೂದಿಲ್ಲ, ಹೌದಲ್ಲ?"

"ಬರೂದಿಲ್ಲ."

"ಅಪ್ಪಗೂ?"

"ಅಪ್ಪಗೂ ಬರೂದಿಲ್ಲ."

"ಕೊಣ್ಣೂರವರಿಗೂ?"

ನಾನು ನೀರು ಹಾಕುವುದು ನಿಲ್ಲಿಸಿದೆ.

"ಕಲ್ಲ ಹೊರಸಲಿ, ಮಣ್ಣ ಹೊರಸಲಿ, ನಾ ಇಲ್ಲ ಅನ್ನೂದಿಲ್ಲ," ಎಂದಳು. "ಒಂದ ವರ್ಷ ಅತ್ತೀ. ಆಮ್ಯಾಲ ಇವರು ಎಲ್ಲಿ ಅಂತಾರೋ ಅಲ್ಲಿ ಲಗ್ನ ಆಗ್ತೇನಿ. ಗೋಕಾಕ ಮೋಟಾರು ಹೊಂಡೂ ಹೊತ್ತಿಗೆ ದಿನಾ ನೀರಿಗೆ ಹೋಗ್ತೇನಿ. ಯಾರ‍್ಯಾರು ಹತ್ತತಾರ ನೋಡಿ ಬರ್ತೇನಿ. ಅವ್ವ ಬೈತಾಳ, ಒಂದ ಕೊಡ ನೀರಿಗೆ ಇಷ್ಟೊತ್ತೇನು ಅಂತ. ಯಾರದೂ ಪರಿಚಯ ಇಲ್ಲದ ಊರಾಗ ಒಮ್ಮಿ ಮುಂಜಾನಿ ಏಳಬೇಕು ಅಂತ ಆಶಾ."

ಗೆಳೆಯರೇ, ಆ ಹೊತ್ತಿಗೆ ಈ ವಾರದ ಅಂಕಣ ನನ್ನ ತಲೆಯಲ್ಲಿ ಮುಕ್ಕಾಲು ತಯಾರಾಗಿತ್ತು. ಸೇವೆ ಒಳ್ಳೆಯದು, ಕಡ್ಡಾಯ ಕೆಟ್ಟದ್ದು. ದೇಶದ ಮೇಲಿನ ಪ್ರೀತಿಯನ್ನು ಛಡಿ ಹಿಡಿದು ಕಲಿಸಲು ಬರುವುದಿಲ್ಲ. ನೂರೈವತ್ತು ವರ್ಷ ಇನ್ನೊಬ್ಬರ ಹುಕುಮಿನಲ್ಲಿ ಬಾಳಿದವರಿಗೆ ಮತ್ತೆ ಹುಕುಂ ಯಾಕೆ? ಚೆಂದದ ಮಾತುಗಳು. ಹುಡುಗಿ ಬೂದಿಗೈಯಲ್ಲಿ ಎಲ್ಲ ಒರೆಸಿ ಹಾಕಿದಳು. ಕಟ್ಟೆಯ ಮೇಲಿನವರಿಗೆ ಯಾವುದು ಮೂಗುದಾಣವೋ ಅದು ಹಿತ್ತಲಲ್ಲಿ ಕೂತವಳಿಗೆ ಬಿಡುಗಡೆ. ನಾವು ಕಡ್ಡಾಯದ ಚರ್ಚೆ ಮಾಡುವಾಗ ಒಂದು ಮಾತು ಮರೆಯುತ್ತೇವೆ. ಮನೆಯಲ್ಲಿ ಕೂಡುವುದೂ ಕೆಲವರಿಗೆ ಕಡ್ಡಾಯವೇ ಅಲ್ಲವೇ? ಅದಕ್ಕೆ ಯಾವ ಕೌನ್ಸಿಲಿನಲ್ಲಿ ಓಟು ಹಾಕಿದ್ದರು?

ಈಗ ನಾನು ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡ ಕಾರಣ.

ಮೂವತ್ತು ವರ್ಷದ ಹಿಂದಿನ ಮಾತು. ಹುಕ್ಕೇರಿಯಲ್ಲಿ ನಮ್ಮ ಮನೆಯ ಹಿಂದೆಯೇ ಸಾಲಿ. ಗಂಡುಹುಡುಗರು ಮಗ್ಗಿ ಹೇಳುವುದು ನಮ್ಮ ದನದ ಕೊಟ್ಟಿಗೆಗೆ ಕೇಳಿಸುತ್ತಿತ್ತು. ನಾನು ಸಗಣಿ ತಟ್ಟುತ್ತ ಗೋಡೆಯ ಈಚೆಯಿಂದ ಹೇಳುತ್ತಿದ್ದೆ. ಸಾಲಿ ಮಾಸ್ತರರು ಅದನ್ನು ಕೇಳಿಸಿಕೊಂಡಿರಬೇಕು. ಒಂದು ದಿನ ರುಮಾಲು ಸುತ್ತಿಕೊಂಡು ಮನೆಗೆ ಬಂದು ಅಪ್ಪನಿಗೆ, "ಹೆಣ್ಣುಹುಡುಗ್ಯಾರ್ನೂ ಕಳಿಸಬೇಕಂತ ಮ್ಯಾಲಿಂದ ಹುಕುಂ ಬಂದೈತ್ರಿ, ನನ್ನ ಕೈಯಾಗ ಏನೂ ಇಲ್ಲ," ಎಂದರು. ಅಪ್ಪ ಮರುದಿನವೇ ಕಳಿಸಿದ. ಸಂಬಂಧಿಕರು ಕೇಳಿದರೆ, "ಏನ ಮಾಡೂದ್ರಿ, ಸರಕಾರದ ಹುಕುಂ," ಅನ್ನುತ್ತಿದ್ದ. ಅವರೂ ಪಾಪ, ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಹೊಸ್ತಿಲು ದಾಟಿದ ಕಾಲು ಧಾರವಾಡದವರೆಗೆ ಹೋಯಿತು.

ನಾನು ಅಕ್ಕೋರಾದ ಮೇಲೆ ಮಾಸ್ತರರ ಕಾಲಿಗೆ ಬೀಳಲು ಹೋದೆ. ಆ ಹುಕುಮಿನ ಪುಣ್ಯದಿಂದ ಇಷ್ಟಾಯಿತು ಎಂದೆ. ಮುದುಕರು ಕೆಮ್ಮುವಷ್ಟು ನಕ್ಕರು.

"ಎಲ್ಲಿ ಹುಕುಂ ತಂಗೀ? ಯಾವ ಹುಕುಮೂ ಇರಲಿಲ್ಲ. ನಿಮ್ಮಪ್ಪಗ ಕಳಿಸೂ ಮನಸ್ಸಿತ್ತು. ನಾಲ್ಕ ಮಂದಿಗೆ ಹೇಳಾಕ ಒಂದ ಮಾತ ಇರಲಿಲ್ಲ. ಆ ಮಾತ ನಾ ಕೊಟ್ಟೆ, ಅಷ್ಟ."

ಅಪ್ಪ ತೀರಿಕೊಳ್ಳುವವರೆಗೂ ಹುಕುಂ ಇತ್ತೆಂದೇ ನಂಬಿದ್ದ. ಅಥವಾ ನಂಬಿದ ಹಾಗೆ ಮಾಡಿದ್ದನೋ ಏನೋ. ಕೇಳಬೇಕಿತ್ತು. ಈಗ ಯಾರನ್ನು ಕೇಳಲಿ?

ಸೋಮವಾರ ಮುಂಜಾನೆ ಅಣ್ಣ ನನ್ನನ್ನು ಮೋಟಾರಿನವರೆಗೆ ಬಿಡಲು ಬಂದ. ಚೀಲ ಒಳಗೆ ಇಟ್ಟ. ಹೋಗಲಿಲ್ಲ. ಕಿಟಕಿಯ ಹತ್ತಿರ ನಿಂತು, ಡ್ರೈವರನ ಕಡೆ ನೋಡುತ್ತ ಕೇಳಿದ: "ತಂಗೀ, ಅದು ಹುಡುಗ್ಯಾರಿಗೂ ಐತೇನು, ಖರೇನ?"

ನಾನು ಸಾಲಿ ಅಕ್ಕೋರು. ಪೇಪರಿನಲ್ಲಿ ಬರೆಯುವವಳು. ಸತ್ಯ ಹೇಳಿದೆ. "ಇಲ್ಲಣ್ಣಾ. ಗಂಡುಹುಡುಗರಿಗೂ ಇನ್ನೂ ಇಲ್ಲ. ಬರೀ ಭಾಷಣ."

"ಹಂಗಾರ ಬಿಡು," ಎಂದ. ದನಿ ಇಳಿದಿತ್ತು. ಮೋಟಾರು ಹೊರಟಿತು.

ಕಲ್ಲೋಳಿ ಬರುವವರೆಗೆ ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸಿಟ್ಟಿನಿಂದ ಕೇಳಿದ್ದಲ್ಲ ಅವನು. ಅಪ್ಪನ ಹಾಗೆ ಅವನಿಗೂ ಒಂದು ಮಾತು ಬೇಕಾಗಿತ್ತು. ಹೌದಣ್ಣಾ, ಐತಿ, ಎಲ್ಲಾರಿಗೂ ಐತಿ ಎಂದಿದ್ದರೆ ಏನಾಗುತ್ತಿತ್ತು? ಮಾಸ್ತರರಿಗೆ ಇದ್ದ ಧೈರ್ಯ ನನ್ನ ನಾಲಿಗೆಗೆ ಯಾಕೆ ಬರಲಿಲ್ಲ? ಮೋಟಾರು ನಿಲ್ಲಿಸಿ ಓಡಿ ಹೋಗಿ ಹೇಳಿಬಿಡಲೇ ಅನ್ನಿಸಿತು. ಗೋಕಾಕ ಮುಟ್ಟುವವರೆಗೂ ಅನ್ನಿಸುತ್ತಲೇ ಇತ್ತು, ಇದನ್ನು ಬರೆಯುವಾಗಲೂ ಅನ್ನಿಸುತ್ತಿದೆ.

ಅಣ್ಣ ಪ್ರತಿ ವಾರ ನನ್ನ ಬರಹವನ್ನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾನೆ. ಇವತ್ತೂ ಇಲ್ಲಿಯವರೆಗೆ ಓದಿದ್ದರೆ ಮುಖ ಕೆಂಪಾಗಿರುತ್ತದೆ. ಬಸಪ್ಪ ಕಾಕಾ, ಪೇಪರು ಹರಿಯದ ಹಾಗೆ ಅವನ ಕೈ ಹಿಡಕೊಳ್ರಿ. ಎರಡು ಸಾಲು ಉಳಿದಿದೆ.

ಅಣ್ಣಾ, ನನಗ ಯಾವ ಹುಕುಮೂ ಇರಲಿಲ್ಲ, ಅಪ್ಪ ತಾನ ಮನಸ್ಸ ಮಾಡಿ ಕಳಿಸಿದ್ದು. ಈಗ ಸರಕಾರ ಕೇಳಿಲ್ಲ, ನಿನ್ನ ಮಗಳು ಕೇಳಾಕತ್ತಾಳ. ಹುಕುಂ ಇಲ್ಲದ ಧಾರವಾಡಕ್ಕ ಕಳಿಸ್ತೀಯೇನು?