ಪೆಟ್ಟಿಗೆಯ ಮೇಲೆ ಹಾಸಿದ ಬಟ್ಟೆ

ನಮ್ಮ ಮನೆಗೆ ಮೊದಲ ಸಲ ಬಂದ ದಿನ ಹಿರೇಮಠ ಕಾಕಾ ಕುರ್ಚಿಯ ಮೇಲೆ ಕೂರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ನಡುಮನೆಯಿಂದ ಅಡುಗೆಮನೆಯವರೆಗೆ ಅಂಬೆಗಾಲಿಟ್ಟು ಹೋದರು. ಎಪ್ಪತ್ತು ದಾಟಿದ ಮನುಷ್ಯ! ಅವರ ಹಿಂದೆ ನಮ್ಮ ಒಂದೂವರೆ ವರ್ಷದ ಇಳಾ, ತನಗೊಬ್ಬ ಜೊತೆಗಾರ ಸಿಕ್ಕಿದನೆಂದು ಕೇಕೆ ಹಾಕುತ್ತಾ. ನಾನು ಕಾಫಿ ಲೋಟ ಹಿಡಿದು ಬೆಪ್ಪಾಗಿ ನಿಂತಿದ್ದೆ.

"ನಿಂತು ನೋಡಿದರ ಎಲ್ಲಾರ ಮನಿನೂ ಛಲೋನ ಕಾಣತೈತಿ ತಂಗಿ. ಕೂಸಿನ ಎತ್ತರಕ್ಕ ಇಳದು ನೋಡು," ಎಂದರು ಸಿಂಕಿನ ಕೆಳಗಿನಿಂದ. ಹೊರಗೆ ಬಂದಾಗ ಅವರ ಕೈಯಲ್ಲಿ ಜ್ಯೂಸಿನ ಬಾಟಲಿ ಇತ್ತು. ಅದರೊಳಗೆ ಫಿನಾಯಿಲು ತುಂಬಿಸಿಟ್ಟವಳು ನಾನೇ.

ಮಲಯಾಳ ನಾಡಿನ ಕಲೂರಿನ ಆ ಮನೆಯಲ್ಲಿ ನಾವು ಮಹಡಿಯ ಮೇಲೆ, ಅವರು ಕೆಳಗೆ. ಧಾರವಾಡದ ಕಡೆಯವರು. ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ ಹಡಗಿನ ಸರಕು ಇಳಿಸುವವರ ಕೈಕಾಲು ಮುರಿಯದಂತೆ ನೋಡಿಕೊಳ್ಳುವುದೇ ಅವರ ನೌಕರಿಯಾಗಿತ್ತು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಗೀತಾ ತಿರುವನಂತಪುರದಲ್ಲಿ ಕೆಲಸದಲ್ಲಿದ್ದಳು. ನಿವೃತ್ತಿಯಾದ ಮೇಲೆ ಕಾಯಲು ಹಡಗು ಇಲ್ಲವಲ್ಲ, ಅದಕ್ಕೆ ನಮ್ಮ ಮನೆ ಹಿಡಿದುಕೊಂಡರು ಎಂದು ನಾನು ಗೊಣಗುತ್ತಿದ್ದೆ.

ಜೇಬಿನಲ್ಲಿ ಸದಾ ಹಳೇ ಕ್ಯಾಮೆರಾ ರೀಲಿನ ಒಂದು ಪುಟ್ಟ ಡಬ್ಬಿ. "ಇದರಾಗ ಹೋಗೂದೆಲ್ಲಾ ಕೂಸಿನ ಗಂಟಲದಾಗ ಹೋಗತೈತಿ," ಎಂದು ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ಹಾಕಿ ನೋಡುವರು. ಗುಂಡಿ, ಹುಣಸೆಬೀಜ, ರಿಮೋಟಿನ ಬ್ಯಾಟರಿ. ಇಳಾಳನ್ನು ನಾನು "ಮುಟ್ಟಬೇಡ, ಹತ್ತಬೇಡ" ಎಂದು ಗದರಿದರೆ ಅವರಿಗೆ ಆಗದು. "ಬುದ್ಧಿ ಹೇಳೂದು ಕೂಸಿಗಲ್ಲವ್ವಾ, ಮನಿಗೆ."

ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಅವರ ಮಾತು ಕೇಳಿಸಲೇ ಇಲ್ಲವೆಂಬಂತೆ ಇದ್ದು, ಅವರು ಕೆಳಗೆ ಇಳಿದ ಮೇಲೆ ಒಂದೊಂದಾಗಿ ಪಾಲಿಸುತ್ತಿದ್ದೆ. ಬಾಣಲೆಯ ಹಿಡಿ ಒಳಕ್ಕೆ ತಿರುಗಿಸಿದೆ. ಬಚ್ಚಲಿನ ಬಕೆಟ್ಟು ಬೋರಲು ಹಾಕಿದೆ. ಹೊರಗೆ ಹೊರಟವಳು ಮೆಟ್ಟಿಲಿನಿಂದ ವಾಪಸು ಬಂದು ಗ್ಯಾಸ್ ನೋಡುವುದು, ಮತ್ತೆ ಇಳಿದು ಮತ್ತೆ ಬರುವುದು. ಒಂದು ಗಳಿಗೆ ನೆಮ್ಮದಿಯಾಗಿ ಕೂತದ್ದು ನೆನಪಿಲ್ಲ. ಈ ಮುದುಕ ನನ್ನ ನಿದ್ದೆ ಕೆಡಿಸಿಬಿಟ್ಟರು ಎಂದು ಗಂಡನ ಹತ್ತಿರ ಕೂಗಾಡಿದೆ.

ಸೋಲದೆ ಉಳಿದದ್ದು ಒಂದೇ ವಿಷಯದಲ್ಲಿ. ನಮ್ಮದು ಬ್ಯಾಂಕಿನವರ ಸಂಸಾರ, ಮೂರು ವರ್ಷಕ್ಕೊಂದು ಊರು. ವರ್ಗವಾಗುವವರ ಮನೆಗೆ ಹೋಗಿ ನೋಡಿ, ಎರಡಾದರೂ ಪೆಟ್ಟಿಗೆ ಬಿಚ್ಚದೆ ಹಾಗೇ ಇರುತ್ತವೆ. ಹೇಗೂ ಮತ್ತೆ ಕಟ್ಟಬೇಕಲ್ಲ! ಒಂದರ ಮೇಲೊಂದು ಇಟ್ಟು ಚೆಂದದ ಬಟ್ಟೆ ಹಾಸಿದರೆ ಅದೇ ಟೀಪಾಯಿ. ನಮ್ಮದಕ್ಕೆ ಹಾಸಿದ್ದು ನನ್ನ ಅಮ್ಮ ಕಸೂತಿ ಹಾಕಿಕೊಟ್ಟ ಬಟ್ಟೆ. ಅಂಚಿಗೆ ಉದ್ದುದ್ದ ಕುಚ್ಚು.

ಕಾಕಾ ಬಂದಾಗಲೆಲ್ಲ ಅದನ್ನು ಮಡಿಚಿ ಬೀರುವಿನ ಮೇಲಿಡುವರು. ಅವರು ಹೋದೊಡನೆ ನಾನು ಮತ್ತೆ ಹಾಸುವೆ. ಒಂದು ದಿನ ತಡೆಯಲಾರದೆ ಅಂದೇಬಿಟ್ಟೆ: "ಕಾಕಾ, ಇದು ನನ್ನ ಮನೆ. ನಿಮ್ಮ ಹಡಗಲ್ಲ."

ಅವರು ನಕ್ಕರು. "ಹಡಗ ಆಗಿದ್ದರ ಇಷ್ಟು ಚಿಂತಿ ಇರತಿದ್ದಿಲ್ಲವ್ವಾ. ಅಲ್ಲಿ ಎಲ್ಲಾನೂ ಬಿಗದು ಕಟ್ಟಿರತಾರ."

ಆಮೇಲೆ ಅವರು ಬಟ್ಟೆಯನ್ನು ಮುಟ್ಟಲಿಲ್ಲ. ಗೆದ್ದೆ ಅಂದುಕೊಂಡೆ.

ಅದಾದ ಮುಂದಿನ ಭಾನುವಾರ. ನನ್ನ ಗಂಡ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಮಾರ್ಕೆಟ್ಟಿಗೆ ತರಕಾರಿ ತರಲು ಹೋಗಿದ್ದರು. ಕಾಕಾನಿಗೆ ಕುದಿ ಕುದಿಯುವ ಕಾಫಿ ತಂದು ಆ ಬಟ್ಟೆಯ ಮೇಲೇ ಇಟ್ಟು, ಚಕ್ಕುಲಿ ತರಲು ಒಳಗೆ ತಿರುಗಿದೆ. ಲೋಟ ಉರುಳಿದ ಸದ್ದು. ಓಡಿ ಬಂದರೆ ಇಳಾಳ ಎರಡೂ ಮುಷ್ಟಿಯಲ್ಲಿ ಕುಚ್ಚು, ಅವಳ ತಲೆಯ ಮೇಲೆ ಅಡ್ಡ ಚಾಚಿದ ಕಾಕಾನ ಬಲಗೈ. ಕಾಫಿಯೆಲ್ಲ ಆ ಕೈಯ ಮೇಲೆ. ಮಗುವಿಗೆ ಒಂದು ಹನಿಯೂ ಸಿಡಿದಿರಲಿಲ್ಲ.

ಸುಟ್ಟ ಕೈಗೆ ಹಚ್ಚಲು ಟೂತ್‌ಪೇಸ್ಟು ತಂದೆ. "ಪೇಸ್ಟು ಗೀಸ್ಟು ಏನೂ ಬ್ಯಾಡ. ನಳ ಬಿಡು," ಎಂದು ಸಿಂಕಿನ ಮುಂದೆ ನಿಂತು, ಗೋಡೆಯ ಗಡಿಯಾರ ನೋಡುತ್ತಾ ಇಪ್ಪತ್ತು ನಿಮಿಷ ನೀರಿನ ಕೆಳಗೆ ಕೈ ಹಿಡಿದರು. ನಾನು ಅಳುತ್ತಿದ್ದೆ. ಆಗ ಹೇಳಿದರು:

"ನಮ್ಮ ಗೀತಾಗ ಎರಡು ವರ್ಷ. ಆಗಷ್ಟ ಕ್ವಾರ್ಟರ್ಸಿಗೆ ಬಂದಿದ್ದಿವಿ. ಪೆಟ್ಟಿಗಿ ಮ್ಯಾಲ ಬಟ್ಟಿ ಹಾಸಿ ಚಹಾದ ಕೆಟಲಿ ಇಟ್ಟಿದ್ದೆ. ಆಕಿ ಜಗ್ಗಿದಳು. ಹಡಗಿನ್ಯಾಗ ನೂರು ಮಂದಿಗೆ ಬುದ್ಧಿ ಹೇಳಾಂವ ಮನ್ಯಾಗ ಹಿಂಗ ಮಾಡಿದ್ದೆ. ನಾನ ಮಾಡಿದ್ದೆ. ನೀ ಅಳಬ್ಯಾಡ."

ಗಂಡ ವಾಪಸು ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅಂದರು, "ಲೋಟಾ ಕೆಡವಿಕೊಂಡೆ ನೋಡ್ರಿ. ಮುದುಕರ ಕೈ ನಿಲ್ಲಂಗಿಲ್ಲ." ನಾನು ನೆಲ ಒರೆಸತೊಡಗಿದೆ. ಪಾಪ, ವಯಸ್ಸಾಯಿತು, ಇನ್ನು ಅವರ ಕೈಗೆ ಬಿಸಿ ಕೊಡಬೇಡ ಎಂದು ಗಂಡ ನನಗೆ ಹೇಳಿದಾಗಲೂ ನಿಜ ಹೇಳಲಿಲ್ಲ. ಬಟ್ಟೆ ಆಗಲೇ ಟ್ರಂಕಿನ ತಳ ಸೇರಿತ್ತು.

ಮರುವರ್ಷ ಗೀತಾ ಬಂದು ಕಾಕಾನನ್ನು ಕರೆದುಕೊಂಡು ಹೋದಳು. ಕೆಲವು ವರ್ಷಗಳ ನಂತರ ನಮಗೂ ತಿರುವನಂತಪುರಕ್ಕೇ ವರ್ಗವಾಯಿತು. ಸಾಮಾನು ಬಿಚ್ಚಿ, ಸ್ಕೂಲಿಗೆ ಅಲೆದು, ಈ ವಾರ ಹೋಗೋಣ, ಮುಂದಿನ ವಾರ ಹೋಗೋಣ ಎನ್ನುವಷ್ಟರಲ್ಲಿ ಅವರು ಹೋಗಿಯೇ ಬಿಟ್ಟರು. ನನ್ನ ಸೋಮಾರಿತನಕ್ಕೆ ನನ್ನನ್ನೇ ಬೈದುಕೊಂಡೆ.

ಗೀತಾಳ ಮನೆಗೆ ಮೂವರೂ ಹೋದೆವು. "ಅಪ್ಪೂಪ್ಪನ್ ಎವಿಡೆ?" ಎಂದು ಇಳಾ ಮಲಯಾಳದಲ್ಲೇ ಕೇಳಿದಳು. ಅಜ್ಜ ಎಲ್ಲಿ ಎಂದು ಯಾರು ಹೇಳಬೇಕು? ಗೀತಾ ಅವಳ ತಲೆ ಸವರಿ, ಏನೂ ಹಾಸದ ಮರದ ಮೇಜಿನ ನಟ್ಟ ನಡುವೆ ಕಾಫಿ ಇಟ್ಟಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವಳ ಚರ್ಮ ಹಳೇ ಸುಟ್ಟಗಾಯದಿಂದ ಸುಕ್ಕುಗಟ್ಟಿತ್ತು.

"ಕಾಕಾ ಎಲ್ಲ ಹೇಳಿದ್ದರು," ಎಂದೆ. "ಬಟ್ಟೆ ಹಾಸಿದವನು ನಾನೇ ಅಂತ ತುಂಬಾ ನೊಂದುಕೊಂಡಿದ್ದರು."

"ಎಲ್ಲಾರಿಗೂ ಹಂಗ ಹೇಳತಿದ್ದರು," ಅಂದಳು ಗೀತಾ. "ಆವತ್ತು ಅಪ್ಪಾ ಮನ್ಯಾಗ ಇರಲೇ ಇಲ್ಲರಿ. ಡ್ಯೂಟಿ ಮ್ಯಾಲ ಇದ್ದರು. ಬಟ್ಟಿ ಹಾಸಿದಾಕಿ ಅಮ್ಮ. ಅಮ್ಮನ ಹೆಸರು ಮಾತ್ರ ಯಾರ ಮುಂದೂ ತಗೀಲಿಲ್ಲ. ತಾ ಸಾಯೂ ಮುಂದ ಅಮ್ಮನ ನನಗ ಇದನ್ನ ಹೇಳಿದಳು."

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಮೃದುವಾಗಿ ಅಂದರು, "ಪಾಪ, ನಮ್ಮ ಮನೆಯಲ್ಲೂ ಒಂದು ಸಲ ಅವರೇ ಕಾಫಿ ಕೆಡವಿಕೊಂಡು ಕೈ ಸುಟ್ಟುಕೊಂಡಿದ್ದರು."

"ಇಲ್ಲ ಕಣ್ರೀ," ಎಂದೆ. "ಬಟ್ಟೆ ಹಾಸಿದ್ದು ನಾನು. ಅವರು ಬೇಡ ಅಂತಲೇ ಅಂದಿದ್ದರು."