ಇನ್ನೊಂದ್ಸಲ ಅಕ್ಕನ ಬೆರಳು

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಅದನ್ನು ಕಾರ್ಖಾನೆ ಎನ್ನುವುದು ಸ್ವಲ್ಪ ದೊಡ್ಡ ಮಾತೇ. ನಾಲ್ಕು ಕೋಣೆ, ಹನ್ನೊಂದು ಜನ, ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾಗದಂಥ ಕಿರಿದಾದ ಮೆಟ್ಟಿಲು. ಅಲ್ಲಿ ತಯಾರಾಗುವುದು ಒಂದೇ ಸಾಮಾನು, ಬೆಂಕಿಪೊಟ್ಟಣದಷ್ಟಿರುವ ಸಿಗ್ನಲ್ ಲೈಟು. ಬೆನ್ನಿಗೆ ಚೀಲ ಏರಿಸಿ ಬೆಟ್ಟ ಸುತ್ತುವವರು, ಕಾಡಿನಲ್ಲಿ ಡೇರೆ ಹಾಕುವವರು ಅದನ್ನು ಚೀಲದ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ದಾರಿ ತಪ್ಪಿದರೆ, ಕಾಲು ಮುರಿದು ಬಿದ್ದರೆ ಬಟನ್ ಒತ್ತಬೇಕು, ದೀಪ ಮಿಣುಕಿ ಮಿಣುಕಿ ದೂರದವರನ್ನು ಕರೆಯುತ್ತದೆ. ತಮಾಷೆಯೆಂದರೆ ಆ ಹನ್ನೊಂದು ಜನರಲ್ಲಿ ಒಬ್ಬರೂ ಈವರೆಗೆ ಡೇರೆಯಲ್ಲಿ ಮಲಗಿದವರಲ್ಲ. ಅದರಲ್ಲೂ ಆ ದೀಪವನ್ನು ಪರೀಕ್ಷೆ ಮಾಡುವ ಅಕ್ಕನಿಗೆ ಸ್ವಂತ ಹಾಸಿಗೆ ಬಿಟ್ಟು ಬೇರೆಲ್ಲೂ ನಿದ್ದೆಯೇ ಬರುವುದಿಲ್ಲ.

ಅಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಎಲ್ಲರ ಬಾಯಲ್ಲೂ ಅವರು ‘ಇನ್ನೊಂದ್ಸಲ ಅಕ್ಕ’. ದೀಪ ಹತ್ತಿತೇ? ಇನ್ನೊಂದ್ಸಲ. ಬಿದ್ದರೂ ಒಡೆಯಲಿಲ್ಲವೇ? ಇನ್ನೊಂದ್ಸಲ. ಒಮ್ಮೆ ಕೊರಿಯರ್‌ನವನು ಸಹಿ ಹಾಕಿಸಿಕೊಂಡು ಹೊರಟಿದ್ದವನನ್ನು ನಿಲ್ಲಿಸಿ, “ವಿಳಾಸ ಇನ್ನೊಂದ್ಸಲ ಓದಪ್ಪ” ಅಂದರು. ಆತ ಗೊಣಗಿಕೊಂಡೇ ಓದಿದ. ವಿಳಾಸ ಪಕ್ಕದ ಬೀದಿಯದು. ಅಂದಿನಿಂದ ಆತ ಅಕ್ಕನನ್ನು ಕಂಡರೆ ಎರಡು ಸಲ ನಮಸ್ಕಾರ ಹೇಳುತ್ತಾನೆ.

ಅವರ ಪರೀಕ್ಷೆಯ ಕೋಣೆ ಹಿಂದೆ ರಟ್ಟಿನ ಪೆಟ್ಟಿಗೆ ತುಂಬಿಡುತ್ತಿದ್ದ ಜಾಗ. ಕಿಟಕಿಗೆ ಕಪ್ಪು ಕಾಗದ, ನೆಲದ ಮೇಲೊಂದು ಕಲ್ಲುಚಪ್ಪಡಿ, ಮೇಜಿನ ಮೇಲೆ ನೀರಿನ ಜಾಡಿ, ಪಕ್ಕದಲ್ಲಿ ಮರಳಿನ ಡಬ್ಬಿ. ದೀಪವನ್ನು ಸೊಂಟದೆತ್ತರದಿಂದ ಚಪ್ಪಡಿಯ ಮೇಲೆ ಹತ್ತು ಸಲ ಬೀಳಿಸಬೇಕು, ನೀರಿನಲ್ಲಿ ಮುಳುಗಿಸಿಡಬೇಕು, ಮರಳಿನಲ್ಲಿ ಹಾಕಿ ಕುಲುಕಬೇಕು. ಇಷ್ಟು ಕಾಗದದಲ್ಲಿ ಬರೆದಿರುವುದು. ಬರೆಯದೇ ಇರುವುದನ್ನು ಅಕ್ಕ ತಾವೇ ಸೇರಿಸಿಕೊಂಡಿದ್ದರು. ಹಳೆಯ ಬೆನ್ನುಚೀಲವೊಂದಕ್ಕೆ ಟವೆಲು, ಚೊಂಬು, ಎರಡು ಸೇರು ಈರುಳ್ಳಿ ತುಂಬಿ, ನಡುವೆ ದೀಪವನ್ನು ತುರುಕಿ, ಆ ಇಕ್ಕಟ್ಟಿನ ಮೆಟ್ಟಿಲನ್ನು ಇಪ್ಪತ್ತು ಸಲ ಹತ್ತಿ ಇಳಿಯುವರು.

“ಈರುಳ್ಳಿ ಯಾಕಕ್ಕ?” ಎಂದು ಪ್ಯಾಕಿಂಗ್ ಮಾಡುವಾಕೆ ಕೇಳಿದ್ದಳು.

“ಮತ್ತೆ ಬೆಟ್ಟ ಹತ್ತೋರು ಗಾಳಿ ಕುಡ್ಕೊಂಡು ಇರ್ತಾರಾ?”

ನಗಬೇಡಿ. ಹಳೆಯ ಮಾದರಿಯ ದೀಪ ಚೀಲದೊಳಗೇ ತನ್ನಷ್ಟಕ್ಕೆ ಹತ್ತಿಕೊಂಡು ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ ಎಂಬುದು ಪತ್ತೆಯಾದದ್ದು ಆ ಈರುಳ್ಳಿಯಿಂದಲೇ. ದೀಪದ ವಿನ್ಯಾಸ ಮಾಡಿದವನು ಅಳತೆಯಿಲ್ಲದೆ ಮಾತೇ ಆಡದ ಮನುಷ್ಯ. ಊಟ ಆಯಿತೇ ಎಂದರೂ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಹೇಳುವವನು. ಎಲ್ಲರೂ ಅವನನ್ನು ಮಿಲಿಮೀಟರ್ ಎನ್ನುತ್ತಿದ್ದರು. ಅಕ್ಕನ ದೂರು ಕೇಳಿ ಅವನು ಎರಡು ತಿಂಗಳು ತಲೆ ಕೆಡಿಸಿಕೊಂಡು ಹೊಸ ಬಟನ್ ಮಾಡಿದ. ಚಿಕ್ಕದು, ಗಟ್ಟಿ, ಒಳಕ್ಕೆ ಕೂತಿರುವಂಥದ್ದು. ಮೂರು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ದೀಪ ಹತ್ತುತ್ತದೆ. ಈರುಳ್ಳಿ ಸೋತಿತು.

ಇಷ್ಟೆಲ್ಲ ಆಗುವ ಹೊತ್ತಿಗೆ ಅಕ್ಕ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಮೂರು ತಿಂಗಳಿಂದ ಅವರ ಬೆರಳ ತುದಿಗಳಿಗೆ ಏನೂ ತಿಳಿಯುತ್ತಿರಲಿಲ್ಲ. ಬಿಸಿ ಲೋಟವೂ ಒಂದೇ, ತಣ್ಣನೆಯ ಲೋಟವೂ ಒಂದೇ. ನರದ ತೊಂದರೆ, ಮಾತ್ರೆ ನುಂಗುತ್ತಿರಿ, ನಿಧಾನವಾಗುತ್ತದೆ ಎಂದಿದ್ದರು ಡಾಕ್ಟರು. ಕೈಯನ್ನೇ ನಂಬಿಕೊಂಡ ಕೆಲಸದವರಿಗೆ ನಿಧಾನ ಎಂದರೆ ಏನರ್ಥ? ಹತ್ತೊಂಬತ್ತು ವರ್ಷ ಕೂತ ಕುರ್ಚಿ ಅದು. ಬೆರಳು ಸತ್ತವರನ್ನು ಪರೀಕ್ಷೆಗೆ ಯಾರು ಇಟ್ಟುಕೊಳ್ಳುತ್ತಾರೆ? ವಿಷಯ ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವರು ಬಸ್ ಓಡಿಸಿ ನಿವೃತ್ತರಾದವರು, ಬಾಯಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ.

ಹೊಸ ದೀಪಗಳ ಮೊದಲ ಕಂತು ಹೊರಡಬೇಕಿದ್ದ ದಿನ ಬೆಳಗ್ಗೆ, ಬಾಗಿಲ ಬಳಿ ನಿಂತು ಅಕ್ಕ ಕೈಗಡಿಯಾರದ ಕೊಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ಗಂಡ ಬಂದು ಮಣಿಕಟ್ಟು ಹಿಡಿದುಕೊಂಡರು.

“ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ಕೈ ಹಿಡಿಯೋ ಯೋಗ ಬಂತು ನೋಡು.”

“ಸಾಕು ಸುಮ್ನಿರಿ. ಬಸ್ಸು ತಪ್ಪುತ್ತೆ.”

“ಹೆದರ್ಕೋಬೇಡ್ವೇ. ಚಳಿಗಾಲದಲ್ಲಿ ಮೊದಲ ಬಸ್ಸಿಗೆ ಹೋದಾಗ ನನ್ನ ಬೆರಳೂ ಹಿಂಗೇ ಮರಗಟ್ತಿದ್ವು. ಕೀಲಿ ಕೈಯಲ್ಲೇ ಇರೋದು, ತಿರುಗಿಸ್ತಿದೀನಾ ಇಲ್ವಾ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಬಸ್ಸು ಕೈಕೊಟ್ರೆ ತಳ್ಳಬಹುದು. ಕೈಯೇ ಕೈಕೊಟ್ರೆ ಏನ್ ಮಾಡ್ತೀಯ?” ಕೊಂಡಿ ಕೂತಿತು. ಅಕ್ಕ ಓಡಿದರು.

ಆ ದಿನ ನಾನೂರು ದೀಪಗಳು ಹಿಮ ಬೀಳುವ ಬೆಟ್ಟಕ್ಕೆ ಹೊರಟ ಚಾರಣಿಗರ ಗುಂಪಿಗೆ ಹೋಗಬೇಕಿತ್ತು. ಮಧ್ಯಾಹ್ನ ವ್ಯಾನು ಬರುತ್ತದೆ, ಅಷ್ಟರಲ್ಲಿ ಅಕ್ಕನ ಸಹಿ ಬೀಳಬೇಕು. ಅಕ್ಕ ಇಪ್ಪತ್ತು ದೀಪಗಳನ್ನು ಆರಿಸಿಕೊಂಡು ಬೀಳಿಸಿದರು, ಮುಳುಗಿಸಿದರು, ಕುಲುಕಿದರು. ಎಲ್ಲಕ್ಕೂ ಜಗ್ಗದೆ ನಿಂತವು. ಕೊನೆಗೆ ಹತ್ತಿಸಿ ನೋಡುವ ಸರದಿ. ಮೊದಲನೆಯದು ಹತ್ತಲಿಲ್ಲ, ಎರಡನೆಯದೂ ಇಲ್ಲ. ಇಪ್ಪತ್ತರಲ್ಲಿ ಹತ್ತಿದ್ದು ಏಳು. ಪ್ಯಾಕಿಂಗ್ ಮಾಡುವಾಕೆಯನ್ನು ಕರೆದು ಅವಳ ಕೈಗೆ ಕೊಟ್ಟರು. ಅವಳು ಯಾರದೋ ಜೊತೆ ಹರಟುತ್ತಲೇ ಇಪ್ಪತ್ತನ್ನೂ ಹತ್ತಿಸಿ ಹೋದಳು.

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ದೀಪ ಚೆನ್ನಾಗಿದೆ, ಕೆಟ್ಟಿರುವುದು ತಮ್ಮ ಬೆರಳು. ಸಹಿ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ, ಕುರ್ಚಿಯೂ ಉಳಿಯುತ್ತದೆ. ಅಕ್ಕ ಪೆನ್ನು ಹಿಡಿದರು. ಹಿಡಿದ ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ. ಬೆಳಗ್ಗೆ ಗಂಡ ಆಡಿದ ಮಾತು ಕಿವಿಯಲ್ಲೇ ಕೂತಿತ್ತು. ಹಿಮದಲ್ಲಿ ಬಿದ್ದುಕೊಂಡವರ ಬೆರಳಿಗೂ ತಮ್ಮ ಬೆರಳಿಗೂ ಏನು ವ್ಯತ್ಯಾಸ? ಕಪ್ಪು ಕಾಗದದ ಆ ಕತ್ತಲೆ ಕೋಣೆಯಲ್ಲಿ ಅಕ್ಕ ಒಬ್ಬರೇ ಕೂತು ಸ್ವಲ್ಪ ಅತ್ತರು. ಆಮೇಲೆ ಮುಖ ತೊಳೆದುಕೊಂಡು ಯಜಮಾನರ ಕೋಣೆಗೆ ಹೋದರು.

ಯಜಮಾನರು ಒಳ್ಳೆಯವರು, ಆದರೆ ವ್ಯಾನು ಬರುವ ದಿನ ಅವರ ಒಳ್ಳೆಯತನ ಸ್ವಲ್ಪ ಕಮ್ಮಿ. ಮಿಲಿಮೀಟರ್ ಕೂಡ ಅಲ್ಲೇ ಇದ್ದ.

“ಬಟನ್ ಆಗಲ್ಲ ಸಾರ್. ಇದನ್ನ ಕಳಿಸೋದು ಬೇಡ,” ಎಂದರು ಅಕ್ಕ.

ಮಿಲಿಮೀಟರ್ ಎದ್ದುನಿಂತ. “ಅಕ್ಕಾ, ಮೆತ್ತಗಾಯ್ತು ಅಂದ್ರಿ, ಗಟ್ಟಿ ಮಾಡ್ದೆ. ಈಗ ಗಟ್ಟಿಯಾಯ್ತು ಅಂತೀರಾ? ಇಪ್ಪತ್ತೂ ಹತ್ತಿದ್ವಂತಲ್ಲ?”

“ಅವಳ ಕೈಯಲ್ಲಿ ಹತ್ತಿದ್ವು. ನನ್ನ ಕೈಯಲ್ಲಿ ಏಳೇ.” ಅಕ್ಕ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟರು. “ನನ್ನ ಬೆರಳಿಗೆ ಮೂರು ತಿಂಗಳಿಂದ ಏನೂ ಗೊತ್ತಾಗ್ತಿಲ್ಲ. ನಿಮಗೆ ಹೇಳಿರ್ಲಿಲ್ಲ. ತಪ್ಪು ನಂದು.”

ಮಿಲಿಮೀಟರ್ ಪಾಪ ಕೆಟ್ಟವನಲ್ಲ, ಆದರೂ ಅವನ ಮುಖದಲ್ಲಿ ನೆಮ್ಮದಿ ಕಾಣಿಸಿಯೇಬಿಟ್ಟಿತು. “ಹಾಗಾದ್ರೆ ದೀಪದ ತಪ್ಪಲ್ಲ,” ಎಂದ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

“ನೀವು ಮನೆಗೆ ಹೋಗಿ ಅಕ್ಕ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ,” ಎಂದರು ಯಜಮಾನರು ಮೆಲ್ಲಗೆ. ಆ ಮೆಲ್ಲನೆಯ ದನಿಯೇ ಅಕ್ಕನಿಗೆ ಏಟಿನ ಹಾಗೆ ತಾಗಿತು.

“ಹೋಗ್ತೀನಿ. ಅದಕ್ಕೆ ಮೊದ್ಲು ಒಂದು ಬಕೆಟ್ ಐಸ್ ತರ್ಸಿ.”

ಹತ್ತೊಂಬತ್ತು ವರ್ಷದಲ್ಲಿ ಅಕ್ಕ ಯಾವತ್ತೂ ಏನನ್ನೂ ಬೇಡಿದವರಲ್ಲ. ಯಜಮಾನರು ಬೀದಿ ತುದಿಯ ಜ್ಯೂಸ್ ಅಂಗಡಿಯಿಂದ ಐಸ್ ತರಿಸಿದರು. ಬಕೆಟ್ಟಿಗೆ ನೀರು ಸುರಿದು, ಅಕ್ಕ ಇಬ್ಬರ ಕಡೆಗೂ ನೋಡಿದರು. “ಕೈ ಇಡಿ. ನಾನು ಹೇಳೋ ತನಕ ತೆಗೀಬೇಡಿ.”

ಮೊದಲ ನಿಮಿಷ ಇಬ್ಬರೂ ನಕ್ಕರು. ಎರಡನೆಯ ನಿಮಿಷ ಮಿಲಿಮೀಟರ್ ತುಟಿ ಕಚ್ಚಿದ. ನಾಲ್ಕನೆಯ ನಿಮಿಷಕ್ಕೆ ಯಜಮಾನರು, “ಅಯ್ಯೋ, ಸಾಕು ತಾಯಿ,” ಎಂದರು. ಅಷ್ಟರಲ್ಲಿ ಉಳಿದ ಎಂಟೂ ಜನ ಬಾಗಿಲಲ್ಲಿ ನೆರೆದಿದ್ದರು. ಅಕ್ಕ ಇಬ್ಬರ ಒದ್ದೆ ಕೈಗೂ ಒಂದೊಂದು ದೀಪ ಕೊಟ್ಟರು.

“ಕಣ್ಣು ಮುಚ್ಕೊಂಡು ಹತ್ತಿಸಿ. ಕತ್ತಲಲ್ಲಿ ಬಿದ್ದೋರಿಗೆ ಬಟನ್ ಕಾಣಲ್ಲ.”

ಯಜಮಾನರ ಕೈಯಿಂದ ದೀಪ ಜಾರಿ ನೆಲಕ್ಕೆ ಬಿತ್ತು. ಮಿಲಿಮೀಟರ್ ಬಿಡಲಿಲ್ಲ. ಆ ಬಟನ್ನಿನ ಆಳ, ಅಗಲ, ಒತ್ತಡ ಎಲ್ಲ ಅವನಿಗೆ ಬಾಯಿಪಾಠ. ಹಲ್ಲು ಕಡಿದು ಒತ್ತಿದ. ಹೆಬ್ಬೆರಳು ಪಕ್ಕದ ಪ್ಲಾಸ್ಟಿಕ್ಕಿನ ಮೇಲೆ ಒತ್ತುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು, ಅವನೊಬ್ಬನಿಗೆ ಬಿಟ್ಟು. ಮೂರು ಎಣಿಸಿದ. ಮತ್ತೆ ಮೂರು ಎಣಿಸಿದ. ಕಣ್ಣು ತೆರೆದು ಹತ್ತದೇ ಇದ್ದ ದೀಪವನ್ನೇ ನೋಡಿದ.

“ಒತ್ತುತ್ತಾ ಇದೀನೋ ಇಲ್ವೋ ಅಂತಾನೇ ತಿಳೀತಿಲ್ಲ ಅಕ್ಕ,” ಎಂದ. ಅವನ ದನಿ ಬದಲಾಗಿತ್ತು.

“ಮೂರು ತಿಂಗಳಿಂದ ನನ್ನ ಕತೆಯೂ ಅದೇ,” ಎಂದರು ಅಕ್ಕ.

ವ್ಯಾನು ಬಂತು, ಖಾಲಿ ಹೋಯಿತು. ಯಜಮಾನರು ತಾವೇ ಫೋನ್ ಹಿಡಿದು ಚಾರಣಿಗರ ಮುಖ್ಯಸ್ಥರಿಂದ ಬೈಸಿಕೊಂಡರು, ಮೂರು ವಾರ ಕಾಲಾವಕಾಶ ಬೇಡಿದರು. ಅಕ್ಕ ತಮ್ಮ ಊಟದ ಡಬ್ಬಿ ಎತ್ತಿಕೊಂಡು ಹೊರಟಿದ್ದರು. ಮೆಟ್ಟಿಲ ಬಳಿ ಯಜಮಾನರು ಅಡ್ಡ ನಿಂತರು. ಆ ಮೆಟ್ಟಿಲಲ್ಲಿ ಒಬ್ಬರು ಅಡ್ಡ ನಿಂತರೆ ಮುಗಿಯಿತು, ದಾರಿಯಿಲ್ಲ.

“ಎಲ್ಲಿಗೆ?”

“ಮನೆಗೆ ಹೋಗು ಅಂದ್ರಲ್ಲ.”

“ಅದನ್ನ ಬಿಸಿ ಕೈ ಇದ್ದಾಗ ಹೇಳಿದ್ದು,” ಎಂದರು ಯಜಮಾನರು. ಅವರ ಬೆರಳು ಇನ್ನೂ ಕೆಂಪಗಿದ್ದವು. “ನಾಳೆ ಎಂದಿನ ಹೊತ್ತಿಗೇ ಬನ್ನಿ.”

ಆ ಮೂರು ವಾರ ಮಿಲಿಮೀಟರ್ ಅಕ್ಕನ ಕೋಣೆಯಲ್ಲೇ ಠಿಕಾಣಿ ಹೂಡಿದ. ಒಂದೊಂದು ಮಾದರಿ ಮಾಡಿದಾಗಲೂ ಮೊದಲು ಅಕ್ಕನ ಕೈಗೆ ಕೊಡುವನು. ಬಟನ್ ಹೋಗಿ ಬಟ್ಟೆಪಟ್ಟಿಯ ದೊಡ್ಡ ಕುಣಿಕೆ ಬಂತು. ಎಳೆದರೆ ಸಾಕು, ದೀಪ ಹತ್ತುತ್ತದೆ. ಹೆಬ್ಬೆರಳು ಸಿಕ್ಕಿಸಿ ಎಳೆಯಬಹುದು, ಕೈಗವಸು ಹಾಕಿ ಎಳೆಯಬಹುದು, ಏನೂ ಆಗದಿದ್ದರೆ ಹಲ್ಲಿನಿಂದ ಕಚ್ಚಿ ಎಳೆಯಬಹುದು. ಈರುಳ್ಳಿ ಚೀಲದಲ್ಲಿ ಇಪ್ಪತ್ತು ಸಲ ಮೆಟ್ಟಿಲು ಹತ್ತಿಳಿದರೂ ತನ್ನಷ್ಟಕ್ಕೆ ಹತ್ತಲಿಲ್ಲ. ಪರೀಕ್ಷೆಯ ಕಾಗದದಲ್ಲಿ ಕೊನೆಗೊಂದು ಹೊಸ ಸಾಲು ಅಚ್ಚಾಗಿ ಬಂತು. ಐಸ್ ನೀರಿನಲ್ಲಿ ನಾಲ್ಕು ನಿಮಿಷ ಕೈಯಿಟ್ಟು, ಕಣ್ಣು ಮುಚ್ಚಿ ಹತ್ತಿಸುವುದು. ಆ ಸಾಲಿನ ತಲೆಬರಹ, ‘ಅಕ್ಕನ ಬೆರಳು’. ಅದನ್ನು ಬರೆದವನು ಮಿಲಿಮೀಟರ್. ಅಳತೆ ಇಲ್ಲದ ಮಾತನ್ನು ಅವನು ಕಾಗದದ ಮೇಲೆ ಬರೆದದ್ದು ಅದೊಂದೇ ಸಲವಿರಬೇಕು.

ಮನೆಯಲ್ಲಿ ಅಕ್ಕ ಆ ಕಾಗದವನ್ನು ಗಂಡನಿಗೆ ತೋರಿಸಿದರು. ಅವರು ಕನ್ನಡಕ ಏರಿಸಿ ಓದಿ, ಹೆಂಡತಿಯ ಮಾತ್ರೆಯ ಡಬ್ಬಿಯನ್ನು ಎತ್ತಿ ಬಚ್ಚಿಡುವವರಂತೆ ನಟಿಸಿದರು. “ಇನ್ಮೇಲೆ ಇದು ಬೇಡ. ಬೆರಳು ಸರಿಹೋದ್ರೆ ನಿನ್ನ ಕೆಲಸ ಹೋಗುತ್ತೆ.” ಅಕ್ಕ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಗಂಡ ಅದನ್ನು ನೋಡದವರಂತೆ ಗಡಿಯಾರದ ಕೊಂಡಿ ಬಿಚ್ಚಿಕೊಟ್ಟರು.

ಎರಡನೆಯ ಸಲ ವ್ಯಾನು ಬಂದ ದಿನ ಎಲ್ಲರೂ ಆ ಕೋಣೆಯಲ್ಲಿ ತುಂಬಿಕೊಂಡಿದ್ದರು. ಮಿಲಿಮೀಟರ್ ತಾನೇ ಬಕೆಟ್ಟಿನಲ್ಲಿ ಕೈಯಿಟ್ಟು, ಇಪ್ಪತ್ತು ದೀಪಗಳನ್ನು ಎಳೆದ. ಇಪ್ಪತ್ತೂ ಹತ್ತಿದವು. ಅದೇ ಇಪ್ಪತ್ತನ್ನು ಅಕ್ಕ ಎಳೆದರು, ಆಗಲೂ ಇಪ್ಪತ್ತೂ ಹತ್ತಿದವು. ಕತ್ತಲೆಯಲ್ಲಿ ಎಲ್ಲರ ಮುಖವೂ ಮಿಣುಕು ಬೆಳಕಿನಲ್ಲಿ ಕಂಡು ಮರೆಯಾಗುತ್ತಿತ್ತು. ಈಗ ಇನ್ನೊಂದ್ಸಲ ಅನ್ನುತ್ತಾರೆ ಎಂದು ಎಲ್ಲರೂ ಕಾದರು.

“ಸಾಕು,” ಎಂದರು ಅಕ್ಕ.

ಸಹಿ ಹಾಕಲು ಪೆನ್ನು ಎತ್ತಿಕೊಂಡರು. ಅದರ ಮುಚ್ಚಳ ಬಿಗಿಯಾಗಿತ್ತು, ಬೆರಳು ಜಾರುತ್ತಿತ್ತು. ಮಿಲಿಮೀಟರ್ ತಾನು ತೆಗೆಯುತ್ತೇನೆಂದು ಮರಗಟ್ಟಿದ ಕೈಯಲ್ಲಿ ಹೆಣಗಾಡಿದ, ಅವನಿಂದಲೂ ಆಗಲಿಲ್ಲ. ಕೊನೆಗೆ ಯಜಮಾನರು ಅದನ್ನು ಇಸಿದುಕೊಂಡು, ಹಲ್ಲಿನಿಂದ ಕಚ್ಚಿ ಎಳೆದು, ಪೆನ್ನನ್ನು ಅಕ್ಕನ ಕೈಗಿಟ್ಟರು.