ಮೊಂಬಾಸಾಕ್ಕೆ ಹೋಗದ ಕಾಲೇಜು

ನಮ್ಮ ಪ್ರಿನ್ಸಿಪಾಲರ ಮುಂದಿನ ಎರಡು ಹಲ್ಲುಗಳ ನಡುವೆ ಕುಚ್ಚಲಕ್ಕಿಯ ಒಂದು ಕಾಳು ಆರಾಮವಾಗಿ ಕುಳಿತುಕೊಳ್ಳುವಷ್ಟು ಸಂದು ಇತ್ತು. ಹಾಗಾಗಿ ಅವರ ಬಾಯಲ್ಲಿ 'ಸ' ಬಂದಾಗಲೆಲ್ಲ ಜೊತೆಗೊಂದು ಸಣ್ಣ ಸೀಟಿಯೂ ಬರುತ್ತಿತ್ತು. ಬೆಳಗಿನ ಪ್ರಾರ್ಥನೆಗೆ ನಿಂತು "ಸೈಲೆನ್ಸ್" ಎಂದರೆಂದರೆ ಎರಡು ಸೀಟಿ. ಹಿಂದಿನ ಸಾಲಿನ ಹುಡುಗಿಯರು ಸೆರಗನ್ನು ಬಾಯಿಗೊತ್ತಿಕೊಂಡು ನಗುವುದು ಅವರಿಗೆ ಗೊತ್ತಿರಲಿಲ್ಲವೆಂದು ನಾವು ತಿಳಿದಿದ್ದೆವು. ಒಮ್ಮೆ ಸ್ಟಾಫ್ ರೂಮಿನಲ್ಲಿ ಅವರೇ ಹೇಳಿದರು: "ನಗ್ಲಿ ಬಿಡಿ. ಅದನ್ನು ಕೇಳ್ಲಿಕ್ಕಾದ್ರೂ ಪ್ರಾರ್ಥನೆಗೆ ಬರ್ತಾರಲ್ಲ!"

ಐವತ್ತರ ದಶಕದ ಕೊನೆಯಲ್ಲಿ ನಾನು ಮಂಗಳೂರಿನ ಆ ಹೆಣ್ಣುಮಕ್ಕಳ ಕಾಲೇಜಿಗೆ ಭೂಗೋಳ ಕಲಿಸಲು ಸೇರಿದೆ. ಪ್ರಿನ್ಸಿಪಾಲರು ಗಣಿತದವರು, ಮದುವೆಯಾಗಿರಲಿಲ್ಲ. ಗದ್ದೆ ಬೇಸಾಯದ ಮನೆಯಿಂದ ಬಂದು, ಮದರಾಸಿಗೆ ಹೋಗಿ ಎಂ.ಎ. ಮಾಡಿದವರು. ನಾವೆಲ್ಲ ಅವರನ್ನು 'ಮಿಸ್' ಎನ್ನುತ್ತಿದ್ದೆವು. ಜಗಲಿಯಲ್ಲಿ ನಡೆಯುವಾಗ ಅವರ ಕಣ್ಣು ಯಾವಾಗಲೂ ನೆಲದ ಮೇಲೆ. ಬಿದ್ದ ಹೇರ್‌ಪಿನ್‌ಗಳನ್ನೆಲ್ಲ ಹೆಕ್ಕಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಕೂದಲು ಕೆದರಿಕೊಂಡು ಬಂದ ಹುಡುಗಿಗೆ ಬೈಗುಳವಿಲ್ಲ, ಎರಡು ಪಿನ್ನು ಸಿಗುತ್ತಿತ್ತು. ಬಂದವರು ಯಾರೇ ಆಗಲಿ, ಗೇಟಿನವರೆಗೂ ಹೋಗಿ ಕಳುಹಿಸಿಕೊಡುವುದು ಅವರ ಇನ್ನೊಂದು ಅಭ್ಯಾಸ. ಫೀಸಿನ ವಿಷಯಕ್ಕೆ ಜಗಳಕ್ಕೆಂದೇ ಬಂದ ಅಪ್ಪಂದಿರು ಗೇಟು ದಾಟುವಾಗ ಕೈಮುಗಿದು ಹೋಗುವುದನ್ನು ನಾನೇ ಕಂಡಿದ್ದೇನೆ.

ಆದರೆ ಅವರಿಗೆ 'ಇಲ್ಲ' ಎನ್ನಲು ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ "ನೋಡುವ" ಎನ್ನುತ್ತಿದ್ದರು. ಬೇರೆ ಊರಿನವರ "ನೋಡೋಣ" ನಮ್ಮಲ್ಲಿ "ನೋಡುವ". ನಮ್ಮೂರಿನವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನೋಡಿ ಹೋದವರು "ನೋಡುವ" ಎಂದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಸಾಲ ಕೇಳಿದಾಗ "ನೋಡುವ" ಎಂದರೆ ಬೇರೆ ಮನೆಯ ದಾರಿ ಹಿಡಿಯಬೇಕು. ಹುಡುಗಿಯರು ಮ್ಯಾಟಿನಿಗೆ ಹೋಗಲು ಮಧ್ಯಾಹ್ನ ರಜೆ ಕೇಳಿ, "ನೋಡುವ" ಎಂಬ ಉತ್ತರ ಬಂದ ಕೂಡಲೇ ಸುಮ್ಮನೆ ಕ್ಲಾಸಿಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಯಾರ ಮನಸ್ಸೂ ನೋಯುತ್ತಿರಲಿಲ್ಲ, ಕಾಲೇಜೂ ನಡೆಯುತ್ತಿತ್ತು. ಈ ಒಂದು ಮಾತಿನಿಂದ ಅವರು ಅಷ್ಟು ವರ್ಷ ಆಡಳಿತ ನಡೆಸಿದರೆಂದರೆ ಉತ್ಪ್ರೇಕ್ಷೆಯಲ್ಲ.

ಆಗ ಎಲ್ಲಿ ನೋಡಿದರೂ ಯೋಜನೆಗಳದ್ದೇ ಸುದ್ದಿ. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಬಂದರಿನಲ್ಲಿ ದಿನಸಿ ಮಂಡಿ ಇತ್ತು. ಒಳ್ಳೆಯ ಮನುಷ್ಯ, ಆದರೆ ಉತ್ಸಾಹ ಬಂದರೆ ಅವರ ಕಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತಿತ್ತು. "ದೇಶಕ್ಕೇ ಪಂಚವಾರ್ಷಿಕ ಯೋಜನೆ ಉಂಟು, ನಮ್ಮ ಕಾಲೇಜಿಗೆ ಎಂತಕ್ಕೆ ಬೇಡ?" ಎಂದು ಅವರು ಒಂದು ಯೋಜನಾ ಸಮಿತಿ ಮಾಡಿದರು. ಹೊಸ ಪ್ರಯೋಗಶಾಲೆ, ಹಾಸ್ಟೆಲಿಗೆ ಮಾಳಿಗೆ ಎಂದೆಲ್ಲ ಶುರುವಾದ ಆ ಯೋಜನೆ ಒಂದು ಮದುವೆಯ ಊಟದಲ್ಲಿ ಸಮುದ್ರ ದಾಟಿತು. ಮೊಂಬಾಸಾದಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿ ಊರಿಗೆ ಬಂದಿದ್ದ ಒಬ್ಬರು ಸಾಹುಕಾರರು ಎಲೆಯ ಮುಂದೆ ಕುಳಿತು, "ನಮ್ಮಲ್ಲಿಯೂ ನಮ್ಮ ಹೆಣ್ಣುಮಕ್ಕಳಿಗೆ ಇಂಥದ್ದೊಂದು ಕಾಲೇಜು ಮಾಡ್ಬಹುದಿತ್ತು" ಎಂದರಂತೆ. ಪಕ್ಕದ ಎಲೆಯಲ್ಲಿ ನಮ್ಮ ಅಧ್ಯಕ್ಷರಿದ್ದರು. ಪಾಯಸ ಬರುವ ಮೊದಲೇ ಅಲ್ಲೊಂದು ಶಾಖೆ ತೆರೆಯುವುದೆಂದು ಅವರು ನಿಶ್ಚಯಿಸಿಬಿಟ್ಟಿದ್ದರು. "ಇಲ್ಲಿಯ ಸೆಕೆ ಸಾಕಾಗ್ಲಿಲ್ಲ, ಅಲ್ಲೊಂದು ಶಾಖೆ ಬೇರೆ" ಎಂದು ನಮ್ಮ ಕನ್ನಡ ಪಂಡಿತರು ಬೀಸಣಿಗೆ ಬೀಸಿಕೊಳ್ಳುತ್ತ ಹೇಳಿದಾಗ ಎಲ್ಲರಂತೆ ನಾನೂ ನಕ್ಕೆ.

ನನ್ನ ನಗು ಹೆಚ್ಚು ದಿನ ಬಾಳಲಿಲ್ಲ. ಸಾಹುಕಾರರನ್ನೂ ಅವರ ಮಗನನ್ನೂ ಅಧ್ಯಕ್ಷರು ಕಾಲೇಜಿಗೆ ಚಹಾಕ್ಕೆ ಕರೆದುಕೊಂಡು ಬಂದಾಗ ನನ್ನನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆಸಿದರು. ಶಾಖೆಯನ್ನು ಶುರುಮಾಡಿಕೊಡಲು ಇಲ್ಲಿಂದ ಒಬ್ಬರು ಟೀಚರು ಮೂರು ವರ್ಷಕ್ಕೆ ಹೋಗಬೇಕಂತೆ. ಅಧ್ಯಕ್ಷರು ನನ್ನ ಕಡೆ ಕೈತೋರಿಸಿ, "ಇವರೇ ಸರಿ. ಭೂಗೋಳದವರಲ್ವಾ, ಆಫ್ರಿಕಾ ಎಲ್ಲ ಗೊತ್ತುಂಟು" ಎಂದರು. ನೈಲ್ ನದಿಯನ್ನು ನಾನು ನೋಡಿದ್ದು ಗೋಡೆಯ ನಕ್ಷೆಯಲ್ಲಿ, ಸೀಮೆಸುಣ್ಣದ ಧೂಳಿನ ಹಿಂದೆ. ವಸತಿ ಒಬ್ಬರಿಗೆ ಮಾತ್ರ, ಸಂಸಾರ ಕರೆದುಕೊಂಡು ಬರುವ ಹಾಗಿಲ್ಲ ಎಂದೂ ಹೇಳಿದರು.

ನನಗೆ ಮೂರು ವರ್ಷದ ಮಗಳಿದ್ದಳು. ಗಂಡ ಹಡಗಿನಲ್ಲಿ ಸ್ಟೂವರ್ಡ್, ವರ್ಷಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಮಣ್ಣಗುಡ್ಡದ ಬಾಡಿಗೆ ಮನೆಯಲ್ಲಿ ನಾನು, ಮಗಳು, ನನ್ನ ಅತ್ತೆ. ಅಪ್ಪನನ್ನು ಫೋಟೋದಲ್ಲಿ ಗುರುತಿಸುತ್ತಿದ್ದ ಮಗು ಇನ್ನು ಅಮ್ಮನನ್ನೂ ಹಾಗೆಯೇ ಗುರುತಿಸಬೇಕೇ? ಹೋಗುವುದಿಲ್ಲ ಎಂದರೆ ಕೆಲಸದ ಗತಿ ಏನು? ಆಗಿನ್ನೂ ನನ್ನ ಕೆಲಸ ಕಾಯಂ ಆಗಿರಲಿಲ್ಲ. ಕುಳಿತ ಕುರ್ಚಿಯ ಕೈ ಹಿಡಿದುಕೊಂಡು ನಾನು ಪ್ರಿನ್ಸಿಪಾಲರ ಮುಖ ನೋಡಿದೆ. ಅವರು ಚಹಾದ ಕಪ್ಪನ್ನು ಬಸಿಯಲ್ಲಿ ಒಮ್ಮೆ ತಿರುಗಿಸಿ, ಕಿಟಕಿಯ ಹೊರಗೆ ನೋಡಿ, "ನೋಡುವ" ಎಂದರು.

ನನಗೆ ಹೋದ ಜೀವ ಬಂತು. ಆ ಸಂಜೆ ದಾರಿಯಲ್ಲಿ ಮಗಳಿಗೆ ಬಿಸಿ ಕಡಲೆ ಕಟ್ಟಿಸಿಕೊಂಡು ಹೋದೆ. ಅತ್ತೆಗೆ ಎಲ್ಲವನ್ನೂ ಹೇಳಿದಾಗ ಅವರೂ "ಹಾಗಾದ್ರೆ ಮುಗೀತಲ್ಲ" ಎಂದು ಶಿಲುಬೆಯ ಗುರುತು ಮಾಡಿ ಒಳಗೆ ಹೋದರು.

ಮುಗಿದಿರಲಿಲ್ಲ. ಸಾಹುಕಾರರ ಮಗ ಮೊಂಬಾಸಾದಲ್ಲೇ ಹುಟ್ಟಿ ಬೆಳೆದವನು. ಮನೆಯಲ್ಲಿ ಒಂದಿಷ್ಟು ತುಳು, ಹೊರಗೆಲ್ಲ ಇಂಗ್ಲಿಷು, ಸ್ವಾಹಿಲಿ. ಕನ್ನಡ ಒಂದಕ್ಷರ ಬಾರದು. ಅಪ್ಪನನ್ನು ಮನೆಗೆ ಬಿಟ್ಟು ಕಾರಿನಲ್ಲಿ ಹೋಗುವಾಗ, ಆ ಮೇಡಂ ಹೇಳಿದ್ದೇನು ಎಂದು ಅವನು ಅಧ್ಯಕ್ಷರನ್ನು ಕೇಳಿದ್ದಾನೆ. ಅಧ್ಯಕ್ಷರು ತಮ್ಮ ಇಂಗ್ಲಿಷಿನಲ್ಲಿ, "ಷಿ ವಿಲ್ ಸೀ ಟು ಇಟ್" ಎಂದಿದ್ದಾರೆ. 'ನೋಡುವ' ಎಂಬುದು ಇಂಗ್ಲಿಷಿಗೆ ಹೋಗಿ 'ನಾನೇ ಮುಂದೆ ನಿಂತು ಮಾಡಿಸುತ್ತೇನೆ' ಎಂದಾಗಿಬಿಟ್ಟಿತು. ಹುಡುಗ ಚುರುಕು. ಮುಂದಿನ ವಾರದೊಳಗೆ ಅಲ್ಲಿ ಕಟ್ಟಡ ಗೊತ್ತು ಮಾಡಲು ಬರೆದು ಹಾಕಿದ, ಬೊಂಬಾಯಿಯ ಹಡಗು ಕಂಪೆನಿಯಲ್ಲಿ ವಿಚಾರಿಸಿದ.

ಇದ್ಯಾವುದೂ ತಿಳಿಯದ ನನಗೆ ಕಾಲೇಜಿನ ಗುಮಾಸ್ತರು ಒಂದು ದಿನ ಜಗಲಿಯಲ್ಲೇ ನಿಲ್ಲಿಸಿ ಹೇಳಿದರು: "ಟೀಚರೇ, ಮಿಸ್ ಒಪ್ಪಿದ್ದಾರಂತೆ, ನಿಮ್ಮ ಫೋಟೋ ಬೇಕಂತೆ. ಪಾಸ್‌ಪೋರ್ಟಿಗೆ."

ನಾನು ಕ್ಲಾಸು ಬಿಟ್ಟು ನೇರ ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ಬಾಗಿಲಲ್ಲೇ ಅಳು ಬಂತು.

"ಎಂತಾಯ್ತು ಮಾರಾಯ್ತಿ? ಕೂತ್ಕೊಳ್ಳಿ ಮೊದ್ಲು."

"ನನ್ನನ್ನು ಕಳಿಸ್ತಾರಂತೆ ಮಿಸ್. ಮಗು ಸಣ್ಣದುಂಟು."

"ಯಾರು ಹೇಳಿದ್ದು? ನಾನು ಅವತ್ತೇ 'ನೋಡುವ' ಅಂದಿದ್ದೇನಲ್ಲ!"

"ಅವರಿಗೆ ಅದು ಗೊತ್ತಾಗ್ಲಿಲ್ಲ ಮಿಸ್. ನೀವು ಒಪ್ಪಿದ್ದೀರಿ ಅಂತ ತಿಳ್ಕೊಂಡಿದ್ದಾರೆ."

ಅವರು ಹೇರ್‌ಪಿನ್ನಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಅವರಿಗೆ ಹೆದರಿಕೆಯಾಗಿತ್ತು, ನನಗದು ಕಂಡಿತು. "ಮಂಡೆಬೆಚ್ಚ ಮಾಡ್ಬೇಡಿ. ಶನಿವಾರ ಮೀಟಿಂಗ್ ಉಂಟು. ಅಲ್ಲಿ ಹೇಳ್ತೇನೆ" ಎಂದರು. ಹೇಳಲು ಅವರಿಂದ ಆದೀತೆಂಬ ನಂಬಿಕೆ, ಸುಳ್ಳೇಕೆ ಹೇಳಲಿ, ನನಗಿರಲಿಲ್ಲ.

ಶನಿವಾರದ ಸಭೆ ಲೈಬ್ರರಿಯಲ್ಲಿ. ಅಧ್ಯಕ್ಷರ ಅಪ್ಪಣೆಯಂತೆ ಅರಬ್ಬೀ ಸಮುದ್ರದ ದೊಡ್ಡ ನಕ್ಷೆಯನ್ನು ನಾನೇ ಬರೆದು ಗೋಡೆಗೆ ಹಚ್ಚಿದ್ದೆ. ಈಚೆ ಮಂಗಳೂರು, ಆಚೆ ಮೊಂಬಾಸಾ, ನಡುವೆ ಒಂದು ಕೆಂಪು ಗೆರೆ. ನನ್ನನ್ನು ಮಗಳಿಂದ ದೂರ ಮಾಡುವ ಗೆರೆಯನ್ನು ನನ್ನ ಕೈಯಿಂದಲೇ ಎಳೆಸಿದ್ದರು. ಕೋಲು ಹಿಡಿದುಕೊಂಡು ನಕ್ಷೆಯ ಪಕ್ಕದಲ್ಲಿ ನಿಂತಿದ್ದೆ.

ಅಧ್ಯಕ್ಷರ ಭಾಷಣ ಮುಗಿಯಿತು. ಪ್ರಿನ್ಸಿಪಾಲರು ಎದ್ದು ಇಂಗ್ಲಿಷಿನಲ್ಲಿ, ಮಳೆಗಾಲ ಹತ್ತಿರ ಬಂತಲ್ಲ ಎಂದರು. ಮಳೆ ಕಳೆದ ಮೇಲೆ ಒಳ್ಳೆಯ ಹಡಗಿದೆ ಮೇಡಂ ಎಂದ ಸಾಹುಕಾರರ ಮಗ. ನಮ್ಮಲ್ಲಿ ಟೀಚರುಗಳು ಕಡಿಮೆ ಎಂದರು. ಸದ್ಯಕ್ಕೆ ಒಬ್ಬರು ಸಾಕು ಎಂದ. ಯೂನಿವರ್ಸಿಟಿಯವರನ್ನೂ ಒಂದು ಮಾತು ಕೇಳಬೇಕಾಗುತ್ತದೆ ಎಂದರು. "ಅದು ನನಗೆ ಬಿಡಿ" ಎಂದರು ಅಧ್ಯಕ್ಷರು. ಯೋಚನೆ ಮಾಡೋಣ ಎಂದರು ಪ್ರಿನ್ಸಿಪಾಲರು. ಖಂಡಿತ, ಎಲ್ಲರೂ ಕೂಡಿಯೇ ಯೋಚನೆ ಮಾಡೋಣ ಎಂದು ಹುಡುಗ ಸಂತೋಷದಿಂದ ತಲೆಯಾಡಿಸಿದ. ನಮ್ಮೂರಿನಲ್ಲಿ ಯಾರಿಗಾದರೂ ಇಷ್ಟರಲ್ಲಿ ನಾಲ್ಕು ಸಲ ಅರ್ಥವಾಗುತ್ತಿತ್ತು. ಪ್ರಿನ್ಸಿಪಾಲರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಅವರು ನನ್ನ ಕಡೆ ನೋಡಿದರು. ನಾನು ಏನು ಮುಖ ಮಾಡಿಕೊಂಡಿದ್ದೆನೋ ದೇವರಿಗೇ ಗೊತ್ತು.

"ಆಗುದಿಲ್ಲ" ಎಂದರು.

 ಆಮೇಲೆ ಆ ಹುಡುಗನ ಕಡೆ ತಿರುಗಿ, ಅವನಿಗೂ ಅನುಮಾನ ಉಳಿಯಬಾರದೆಂದು, "ನೋ" ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇವರಿಗೆ ಮೂರು ವರ್ಷದ ಮಗು ಉಂಟು. ಅದರ ತಾಯಿಯನ್ನು ಅದರಿಂದ ತೆಗೆದು ನಾನು ಯಾವ ಕಾಲೇಜನ್ನೂ ಕಟ್ಟುದಿಲ್ಲ. ಇಲ್ಲಿಯ ಹುಡುಗಿಯರಿಗೇ ಕೂತ್ಕೊಳ್ಲಿಕ್ಕೆ ಬೆಂಚು ಸಾಲುದಿಲ್ಲ, ನಮಗೆ ಅಲ್ಲಿ ಎಂತ ಕೆಲಸ?"

ಅಧ್ಯಕ್ಷರ ಮುಖ ಸಣ್ಣದಾಯಿತು. ಎಲ್ಲರೂ ಸಾಹುಕಾರರ ಕಡೆ ನೋಡಿದರು, ಅವರು ಸಿಟ್ಟಾಗಿ ಎದ್ದು ಹೋಗುತ್ತಾರೆಂದೇ ನಾವೆಲ್ಲ ಎಣಿಸಿದ್ದು. ಆ ಮನುಷ್ಯ ಕುರ್ಚಿಗೆ ಒರಗಿ ಒಂದು ದೊಡ್ಡ ಉಸಿರು ಬಿಟ್ಟರು.

"ಅಬ್ಬ, ಬದುಕಿದೆ! ಇದನ್ನು ಮೊದ್ಲೇ ಹೇಳ್ಬಾರದಾ ಟೀಚರೇ? ಅವತ್ತು ನಿಮ್ಮ 'ನೋಡುವ' ಕೇಳಿ ನಾನು ಒಳ್ಳೆ ನಿದ್ದೆ ಮಾಡಿದವ. ಮರುದಿನ ಮಗ ಹೇಳ್ತಾನೆ, ಎಲ್ಲ ನಿಕ್ಕಿ ಆಯ್ತು ಅಂತ!"

"ಮತ್ತೆ ಮದುವೆಯಲ್ಲಿ ನೀವೇ ಹೇಳಿದ್ದಲ್ವಾ ಮಾರಾಯ್ರೆ?" ಎಂದರು ಅಧ್ಯಕ್ಷರು.

"ಊಟಕ್ಕೆ ಕೂತಾಗ ಮನುಷ್ಯ ಎಂತಾದ್ರೂ ಒಂದು ಒಳ್ಳೆ ಮಾತು ಹೇಳ್ಬೇಕಲ್ಲ! ಅಲ್ಲಿ ಬ್ರಿಟಿಷರು ಬಿಟ್ಟು ಹೋಗ್ಲಿಕ್ಕಾಯ್ತು, ನಾನೇ ಅಂಗಡಿ ಮಾರಿ ದೇರೆಬೈಲಿನಲ್ಲಿ ಮನೆ ಕಟ್ಟುವ ಅಂತ ಇದ್ದೇನೆ. ನಿಮಗೆ ಬೇಸರ ಆಗ್ತದೆ ಅಂತ ಬಾಯಿ ಬಿಡ್ಲಿಲ್ಲ."

ಯಾರಿಗೂ ಬೇಡವಾಗಿದ್ದ ಒಂದು ಕಾಲೇಜು ಬರೀ ಮರ್ಯಾದೆಯ ಮಾತಿನಿಂದ ಸಮುದ್ರದಾಚೆ ಅರ್ಧ ಎದ್ದು ನಿಂತಿತ್ತು. ಪಂಡಿತರು ಮೊದಲು ನಕ್ಕರು, ಆಮೇಲೆ ಎಲ್ಲರೂ. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಕುಸಿದು ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ನಾನು ಕೋಲನ್ನು ಗೋಡೆಗೆ ಒರಗಿಸಿ ನಕ್ಷೆಯ ಕಡೆ ಮುಖ ತಿರುಗಿಸಿ ಅತ್ತುಬಿಟ್ಟೆ. ಅಷ್ಟು ಹಗುರವಾದ ಅಳು ನನಗೆ ಆಮೇಲೆ ಬಂದದ್ದಿಲ್ಲ.

ಅಧ್ಯಕ್ಷರನ್ನು ಸಪ್ಪೆ ಮುಖದಲ್ಲೇ ಕಳುಹಿಸುವವರಲ್ಲ ಪ್ರಿನ್ಸಿಪಾಲರು. ಗೇಟಿನವರೆಗೆ ಹೋಗುವಾಗ, ಅಲ್ಲಿಯ ಹುಡುಗಿಯರೇ ಇಲ್ಲಿಗೆ ಬರಲಿ, ಹಾಸ್ಟೆಲಿನ ಮಾಳಿಗೆ ಮಾತ್ರ ಬೇಗ ಆಗಬೇಕು ಎಂದರು. ಸಾಹುಕಾರರು ಮಾಳಿಗೆಗೆ ಮರ ಕೊಟ್ಟರು. ಮುಂದಿನ ಜೂನಿನಲ್ಲಿ ಮೊಂಬಾಸಾದಿಂದ ನಾಲ್ಕು ಹುಡುಗಿಯರು ಬಂದಿಳಿದರು. ಅವರು ಸ್ವಾಹಿಲಿಯಲ್ಲಿ ಜಗಳವಾಡಿದರೆ ವಾರ್ಡನ್‌ಗೆ ತಲೆಬುಡ ತಿಳಿಯುತ್ತಿರಲಿಲ್ಲ. ಅಧ್ಯಕ್ಷರು ಪ್ರತಿ ವಾರ್ಷಿಕೋತ್ಸವದಲ್ಲೂ ಆ ನಾಲ್ವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, "ನಮ್ಮ ಅಂತರರಾಷ್ಟ್ರೀಯ ವಿಭಾಗ" ಎಂದು ಅತಿಥಿಗಳಿಗೆ ತೋರಿಸುತ್ತಿದ್ದರು.

ಪ್ರಿನ್ಸಿಪಾಲರು ಬದಲಾಗಲಿಲ್ಲ. ಆ ಸಭೆ ಕಳೆದ ಸೋಮವಾರವೇ ಹುಡುಗಿಯರು ರಜೆ ಕೇಳಲು ಹೋದಾಗ ಅದೇ ಹಳೆಯ ಉತ್ತರ. ಆದರೆ ನನ್ನ ಮಗಳಿಗೆ ವಿಷಮಶೀತ ಜ್ವರ ಬಂದ ವರ್ಷ ರಜೆ ಕೇಳಲು ಹೋದಾಗ, ಮಾತು ಮುಗಿಯುವ ಮೊದಲೇ "ಹೋಗಿ, ನಿಮ್ಮ ಕ್ಲಾಸು ನಾನು ತೆಗೊಳ್ತೇನೆ" ಎಂದರು. ಗಣಿತದವರು ತಿಂಗಳುಗಟ್ಟಲೆ ಭೂಗೋಳ ಕಲಿಸಿದರು. ಅವರು ಗಂಗೆಯನ್ನು ಎಲ್ಲೆಲ್ಲಿ ಹರಿಸಿದ್ದರೆಂದು ಕೇಳಬೇಡಿ, ಅದನ್ನು ಸರಿಮಾಡಲು ನನಗೆ ಎರಡು ವಾರ ಬೇಕಾಯಿತು.

ಆ ಜ್ವರದಲ್ಲಿ ಮಗಳು ನನ್ನ ಹೆಬ್ಬೆರಳನ್ನು ಬಿಡುತ್ತಲೇ ಇರಲಿಲ್ಲ. ಹಣೆಗೆ ತಣ್ಣೀರಿನ ಬಟ್ಟೆ ಬದಲಿಸಲೂ ಒಂದೇ ಕೈ. ಅಧ್ಯಕ್ಷರು ಹೇಳಿದ್ದ ಮೂರು ವರ್ಷದ ಲೆಕ್ಕದಲ್ಲಿ ನಾನಾಗ ಮೊಂಬಾಸಾದಲ್ಲಿ ಇರಬೇಕಾಗಿದ್ದವಳು. ಹಾಗೆಂದು ನೆನಪಾದಾಗ ಎದೆ ಝಲ್ಲೆನ್ನುತ್ತಿತ್ತು, ಮರುಕ್ಷಣವೇ ನಾನು ಇಲ್ಲಿಯೇ ಇದ್ದೇನಲ್ಲ ಎಂದು ಸಮಾಧಾನವಾಗುತ್ತಿತ್ತು.

ನಿವೃತ್ತಿಯಾಗಿ ತಮ್ಮನ ಮನೆಗೆ ಹೋದ ಪ್ರಿನ್ಸಿಪಾಲರು ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಕಾಲೇಜಿನಲ್ಲಿ ಸಂತಾಪ ಸಭೆಯಾಯಿತು. ಅವರು ಕಟ್ಟಿಸಿದ ಪ್ರಯೋಗಶಾಲೆ, ಲೈಬ್ರರಿ, ಹಾಸ್ಟೆಲಿನ ಮಾಳಿಗೆ, ಒಂದೊಂದನ್ನೂ ಒಬ್ಬೊಬ್ಬರು ಹೇಳಿದರು. ನನ್ನ ಸರದಿ ಬಂದಾಗ ನಾನು ಅವರು ಕಟ್ಟಿಸದೆ ಬಿಟ್ಟ ಕಾಲೇಜಿನ ವಿಷಯ ಹೇಳಿದೆ. ಆಗ ನನ್ನ ಮಗಳು ಅಲ್ಲಿಯೇ ಬಿ.ಎ. ಓದುತ್ತಿದ್ದಳು. ಅವಳಿಗೆ ಈ ಕಥೆಯನ್ನು ನಾನು ಅಲ್ಲಿಯವರೆಗೆ ಹೇಳಿರಲಿಲ್ಲ. ಸಭೆ ಮುಗಿದ ಮೇಲೆ ಅಷ್ಟು ಜನರ ನಡುವೆ, ಇಪ್ಪತ್ತರ ಹುಡುಗಿ, ನನ್ನ ಕೈ ಹಿಡಿದುಕೊಂಡೇ ಮನೆಗೆ ಬಂದಳು.